ಪ್ಯಾನೆಲ್ ಬಿಟ್ಟವನ ಬೆನ್ನುಮೂಳೆ

ನನ್ನ ಬೆನ್ನಿನ ಮಧ್ಯದಲ್ಲಿ, ಕೈ ಹಿಂದಕ್ಕೆ ತಿರುಗಿಸಿದರೆ ಬೆರಳ ತುದಿಗಷ್ಟೇ ಎಟುಕುವ ಕಡೆ, ಒಂದು ಗಂಟಿದೆ. ಮೂಳೆಯ ಗಂಟು. ಮುಟ್ಟಿದರೆ ಈಗ ನೋವಿಲ್ಲ. ಅಂಗಿ ಹೊಲಿಯುವ ವಿಲೆ ಪಾರ್ಲೆಯ ದರ್ಜಿ, ಟೇಪು ಅಲ್ಲಿಗೆ ಬಂದಾಗ ಒಂದು ಕ್ಷಣ ಕೈ ನಿಲ್ಲಿಸಿ, ಅರ್ಧ ಇಂಚು ಬಟ್ಟೆ ಹೆಚ್ಚಿಗೆ ಬಿಡುತ್ತಾನೆ. ಈ ಬರಹ ಆ ಗಂಟಿನದು. ಓದುವವರಲ್ಲಿ ಯಾರಿಗಾದರೂ ಎರಡು ತಿಂಗಳಿಂದ ಮೈಯಲ್ಲೆಲ್ಲೋ ಒಂದು ನೋವಿದ್ದು, ಅದನ್ನು ಯಾರಿಗೂ ಹೇಳದಿರಲು ಬಹಳ ಒಳ್ಳೆಯ ಕಾರಣವೂ ಇದ್ದರೆ, ಆಸ್ಪತ್ರೆಯ ಬೆಂಚಿನ ಮೇಲೆ ಅವರಿಗೆ ಸ್ವಲ್ಪ ಜಾಗ ಬಿಟ್ಟು ಸರಿದು ಕೂತಿದ್ದೇನೆ ಎಂದುಕೊಳ್ಳಿ.

ಮೊದಲು ನನ್ನ ಸ್ವಭಾವ ಹೇಳಬೇಕು. ನಾನು ಹುಟ್ಟು ಹೆದರುಪುಕ್ಕಲ. ಮೈಸೂರಿಂದ ಮುಂಬಯಿಗೆ ಬಂದು ಫೋರ್ಟಿನ ಒಂದು ಖಾಸಗಿ ಕಂಪನಿಯಲ್ಲಿ ಪತ್ರವ್ಯವಹಾರದ ವಿಭಾಗ ಸೇರಿದ ದಿನದಿಂದ, ಆಫೀಸಿನಲ್ಲಿ ಯಾರಿಗೆ ಯಾವ ಕಾಯಿಲೆ ಬಂದರೂ ಶನಿವಾರದ ಹೊತ್ತಿಗೆ ಅದು ನನಗೂ ಬರುತ್ತಿತ್ತು. ಕ್ಯಾಷಿಯರಿಗೆ ಹೃದಯದ ತೊಂದರೆ ಎಂದರೆ ನನ್ನ ಎಡಗೈ ಜೋಮು ಹಿಡಿಯುತ್ತಿತ್ತು. ಟೈಪಿಸ್ಟಿಗೆ ಕಾಮಾಲೆ ಎಂದರೆ ನಾನು ಲೋಕಲ್ ಟ್ರೇನಿನ ಕಿಟಕಿ ಗಾಜಿನಲ್ಲಿ ಕಣ್ಣಿನ ಬಿಳಿ ನೋಡಿಕೊಳ್ಳುತ್ತಿದ್ದೆ.

ಇದಕ್ಕೆಲ್ಲ ಕಂಪನಿಯೇ ಒಬ್ಬ ಡಾಕ್ಟರನ್ನು ಒದಗಿಸಿತ್ತು. ದಾದರಿನಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷ, ಮೊದಲನೇ ಮಹಡಿಯ ಕ್ಲಿನಿಕ್. ಡಾಕ್ಟರ್ ಪರಾಂಜಪೆ ನಮ್ಮ ‘ಪ್ಯಾನೆಲ್ ಡಾಕ್ಟರು’. ಎಂದರೆ ನೌಕರರು ಅವರ ಹತ್ತಿರವೇ ಹೋಗಬೇಕು, ಕಂಪನಿ ಫೀಸನ್ನು ನೇರವಾಗಿ ಅವರಿಗೆ ಕೊಡುತ್ತದೆ. ಶನಿವಾರ ಅರ್ಧ ದಿನ. ವಾಪಸು ಬರುವಾಗ ದಾದರಿನಲ್ಲಿ ಇಳಿದು, ಮರದ ಬೆಂಚಿನ ಮೇಲೆ ನನ್ನ ಸರದಿಗೆ ಕಾಯುವುದು ಹನ್ನೆರಡು ವರ್ಷದ ವಾಡಿಕೆ. ನನ್ನ ಹಳದಿ ಕಾರ್ಡು ತುಂಬಿ, ಅದಕ್ಕೆ ಇನ್ನೊಂದನ್ನು ಪಿನ್ ಹೊಡೆದು, ಅದೂ ತುಂಬಿ ಮೂರನೆಯದು ನಡೆದಿತ್ತು.

“ಯಾ, ಬನ್ನಿ ಮೂರ್ತಿ ಸಾಹೇಬ್,” ಎನ್ನುತ್ತಿದ್ದರು ಅವರು ತಮ್ಮ ಮರಾಠಿ ಬೆರೆತ ಹಿಂದಿಯಲ್ಲಿ, “ಈ ವಾರ ಯಾವ ಅಂಗ?”

ನಾನು ಹೇಳುತ್ತಿದ್ದೆ. ಅವರು ಪೂರ್ತಿ ಕೇಳಿ, ಬರೆದುಕೊಂಡು, ಎದೆ ಬೆನ್ನು ತಟ್ಟಿ ನೋಡಿ, ಕ್ಯಾಲ್ಸಿಯಂ ಮಾತ್ರೆ ಬರೆದುಕೊಡುತ್ತಿದ್ದರು. ಆ ಮಾತ್ರೆ ನನಗೆ ಎಲ್ಲ ಕಾಯಿಲೆಗೂ ನಾಟುತ್ತಿತ್ತು.

ಎಂಬತ್ತರ ದಶಕದ ಕೊನೆಗೆ, ಆಸ್ಪತ್ರೆ ಖರ್ಚಿನ ವಿಮೆ ಇನ್ನೂ ಹೊಸತಾಗಿದ್ದಾಗ, ಆಫೀಸಿನಲ್ಲಿ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಎರಡು ಯೋಜನೆ. ನೌಕರ ಒಂದನ್ನು ಆರಿಸಿಕೊಳ್ಳಬೇಕು. ಒಮ್ಮೆ ಆರಿಸಿದ ಮೇಲೆ ಬದಲಾಯಿಸುವ ಹಾಗಿಲ್ಲ. ‘ಎ’ ಎಂದರೆ ಹಳೆಯ ಪ್ಯಾನೆಲ್: ಪರಾಂಜಪೆಯವರು, ಮತ್ತು ಸೇರಿ ಮಲಗಬೇಕಾದ ಕಾಯಿಲೆ ಬಂದರೆ ದಾದರಿನ ಒಂದು ನರ್ಸಿಂಗ್ ಹೋಮ್. ಅದು ಬಿಟ್ಟು ಬೇರೆ ಕಡೆ ಹೋದರೆ ಕಂಪನಿಗೆ ಸಂಬಂಧವಿಲ್ಲ. ‘ಬಿ’ ಎಂದರೆ ಪಾಲಿಸಿ: ಮುಂಬಯಿಯ ಯಾವ ಆಸ್ಪತ್ರೆಗಾದರೂ ಹೋಗಬಹುದು, ಆದರೆ ಮೊದಲು ಕೈಯಿಂದ ಕೊಟ್ಟು ಆಮೇಲೆ ಕಾಗದ ಪತ್ರ ಸಲ್ಲಿಸಬೇಕು. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ ಏನೂ ಸಿಗುವುದಿಲ್ಲ. ಮೊದಲ ಒಂದು ತಿಂಗಳಲ್ಲಿ ಬಂದ ಕಾಯಿಲೆಗೂ ಇಲ್ಲ.

ಬೇರೆಯವರು ಚಹಾ ಕುಡಿಯುವಷ್ಟರಲ್ಲಿ ಸಹಿ ಹಾಕಿದರು. ನಾನು ಒಂದು ಫುಲ್‌ಸ್ಕೇಪ್ ಹಾಳೆಗೆ ಗೆರೆ ಎಳೆದು, ಎ ಕಾಲಂ, ಬಿ ಕಾಲಂ ಮಾಡಿ, ಹದಿನೈದು ದಿನ ತುಂಬಿಸಿದೆ. ನಮ್ಮ ಆಫೀಸಿನ ಹಿಂದಿನ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದ ಶೆಟ್ಟರಿಗೂ ತೋರಿಸಿದೆ.

ಶೆಟ್ಟರು ಕನ್ನಡಕ ಏರಿಸಿ ನೋಡಿದರು. “ಇದು ಎಂತದು ಮಾರಾಯ್ರೆ, ಜಾತಕವಾ?”

“ಯಾವುದು ವಾಸಿ ಹೇಳಿ ಶೆಟ್ರೆ.”

“ನೋಡಿ, ಒಂದು ರೈಸ್ ಪ್ಲೇಟು. ನಾವು ಹಾಕಿದ್ದನ್ನು ನೀವು ತಿನ್ನಬೇಕು, ಕೂತಲ್ಲಿಗೇ ಬರ್ತದೆ. ಇನ್ನೊಂದು ನಿಮಗೆ ಬೇಕಾದ್ದು ಹೇಳಿ ತರಿಸಿಕೊಳ್ಳುವುದು, ಆದರೆ ಅದು ಖಾಲಿ, ಇದು ಖಾಲಿ ಅಂತ ನಾವು ಹೇಳಿದರೆ ಸುಮ್ಮನೆ ಕೇಳಬೇಕು. ಹೊಟ್ಟೆ ಸರಿ ಇದ್ದವನಿಗೆ ಎರಡೂ ಒಂದೇ.”

“ಹೊಟ್ಟೆ ಸರಿ ಇಲ್ಲದಿದ್ದರೆ?”

“ಅವನು ಹೋಟೆಲಿಗೆ ಯಾಕೆ ಬರ್ತಾನೆ ಮಾರಾಯ್ರೆ?”

ಕೊನೆಗೆ ನನ್ನ ತೀರ್ಮಾನ ಮಾಡಿದ್ದು ಒಂದು ಬೆಕ್ಕು. ಎರಡು ವರ್ಷದ ಹಿಂದೆ ಹರ್ನಿಯಾ ಆಪರೇಷನ್ ಆದ ಸಹೋದ್ಯೋಗಿಯನ್ನು ನೋಡಲು ಪ್ಯಾನೆಲ್‌ನ ನರ್ಸಿಂಗ್ ಹೋಮಿಗೆ ಹೋಗಿದ್ದೆ. ಅವನ ಮಂಚದ ಕೆಳಗೆ ಬೆಕ್ಕೊಂದು ಮರಿ ಹಾಕಿತ್ತು. ಅವನು ಹತ್ತೇ ದಿನಕ್ಕೆ ಗುಣವಾಗಿ, ಇವತ್ತಿಗೂ ಸ್ಟೇಷನ್ ಮೆಟ್ಟಿಲನ್ನು ಎರಡೆರಡು ಹಾರಿ ಇಳಿಯುತ್ತಾನೆ. ನನ್ನ ತಲೆಯಲ್ಲಿ ಮಾತ್ರ ಬೆಕ್ಕು ಉಳಿಯಿತು. ಪಾರ್ಲೆಯಲ್ಲಿ ನಮ್ಮ ಬಿಲ್ಡಿಂಗಿನ ಹತ್ತಿರವೇ ಬಣ್ಣದ ಮೀನಿನ ತೊಟ್ಟಿ ಇಟ್ಟಿದ್ದ ಹೊಸ ನರ್ಸಿಂಗ್ ಹೋಮ್ ಇತ್ತು. ಬೆಕ್ಕಿಗಿಂತ ಮೀನು ವಾಸಿ ಎಂದು ಬಿ ಆರಿಸಿದೆ.

ಇಲ್ಲಿಯವರೆಗೆ ನಗಬಹುದು. ಇನ್ನು ಮೇಲೆ ನನಗೆ ಅಷ್ಟು ಸಲೀಸಲ್ಲ. ಈ ಸುತ್ತೋಲೆ ಬರುವುದಕ್ಕೆ ತಿಂಗಳ ಮುಂಚೆಯೇ ನನ್ನ ಬೆನ್ನಿನಲ್ಲಿ ಒಂದು ನೋವು ಶುರುವಾಗಿತ್ತು. ನನ್ನ ಉಳಿದ ನೋವುಗಳೆಲ್ಲ ರಜೆಗೆ ಬರುವ ನೆಂಟರ ಹಾಗೆ: ಬಂದು, ಗದ್ದಲ ಮಾಡಿ, ಹೊರಟುಹೋಗುತ್ತಿದ್ದವು. ಇದು ಹಾಗಲ್ಲ. ಒಂದೇ ಜಾಗದಲ್ಲಿ ಚಾಪೆ ಹಾಸಿಕೊಂಡು ಕೂತಿತ್ತು. ಯಾರ ಕಾಯಿಲೆಯನ್ನೂ ಕೇಳಿ ಬಂದದ್ದಲ್ಲ. ಅದಕ್ಕೇ ನನಗೆ ನಿಜವಾಗಿ ಹೆದರಿಕೆಯಾಯಿತು, ಮತ್ತು ನಿಜವಾಗಿ ಹೆದರಿದಾಗ ನಾನು ಮಾತಾಡುವವನಲ್ಲ ಎಂದು ನಲವತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು.

ಪಾಲಿಸಿಯ ಅರ್ಜಿಯಲ್ಲಿ ಪ್ರಶ್ನೆಯಿತ್ತು: ಈಗ ಯಾವುದಾದರೂ ಕಾಯಿಲೆ, ನೋವು ಇದೆಯೇ? ಹನ್ನೆರಡು ವರ್ಷ ಇಲ್ಲದ್ದನ್ನೆಲ್ಲ ಇದೆ ಎಂದವನು ನಾನು. ಅವತ್ತು ಇರುವುದನ್ನು ಇಲ್ಲ ಎಂದು ಬರೆದೆ.

ಅರ್ಜಿ ಕೊಡುವ ಮುಂಚಿನ ಶನಿವಾರ ಪರಾಂಜಪೆಯವರಲ್ಲಿಗೆ ಹೋಗಿ ಎ ವಾಸಿಯೋ ಬಿ ವಾಸಿಯೋ ಎಂದು ಕೇಳಿದ್ದೆ. ಅವರು ನಕ್ಕು, “ನಾನು ಎ ಅಂದರೆ ಅಂಗಡಿಯವನು ತನ್ನ ಅಂಗಡಿ ಒಳ್ಳೆಯದು ಅಂದ ಹಾಗೆ. ನೀವೇ ನೋಡಿಕೊಳ್ಳಿ,” ಎಂದರು. ಆಮೇಲೆ ಪೆನ್ನು ತೆಗೆದು, “ಹಾಂ, ಈ ವಾರ?”

“ಏನೂ ಇಲ್ಲ ಡಾಕ್ಟರ್ ಸಾಹೇಬ್.”

ಅವರ ಪೆನ್ನು ನಿಂತಿತು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಏನೂ ಇಲ್ಲ?”

“ಏನೂ ಇಲ್ಲ.”

ಕಾರ್ಡಿನಲ್ಲಿ ಒಂದು ಸಾಲು ಏನೋ ಬರೆದು ಮುಚ್ಚಿದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಮೆಟ್ಟಿಲಿಳಿದೆ. ಬಗ್ಗಲು ಆಗುತ್ತಿರಲಿಲ್ಲ, ಹಾಗಾಗಿ ನೆಟ್ಟಗಿರುವುದು ಕಷ್ಟವಾಗಲಿಲ್ಲ.

ಪಾಲಿಸಿ ಬಂತು. ಅವತ್ತಿಂದ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸಲು ಶುರುಮಾಡಿದೆ. ಈಗ ಡಾಕ್ಟರ ಹತ್ತಿರ ಬಾಯಿ ಬಿಟ್ಟರೆ ಅದು ಮೊದಲೇ ಇದ್ದ ಕಾಯಿಲೆ. ಒಂದು ತಿಂಗಳು ಸುಮ್ಮನಿದ್ದರೆ ಅದು ಹೊಸ ಕಾಯಿಲೆ. ತಿಂಗಳು ಮುಗಿದ ಮರುದಿನವೇ ಓಡಿದರೆ ಅನುಮಾನ ಬರುತ್ತದೆ, ಆದ್ದರಿಂದ ಮರ್ಯಾದೆಗೆಂದು ಇನ್ನೆರಡು ವಾರ ಸೇರಿಸಿಕೊಂಡೆ. ಸುಳ್ಳು ಹೇಳುವುದರಲ್ಲೂ ನಾನು ಶಿಸ್ತಿನವನು.

ಸಂಜೆ ಸಣ್ಣ ಜ್ವರ ಬರುತ್ತಿತ್ತು. ಕಾಲರು ಸಡಿಲವಾಯಿತು. ಆಫೀಸಿನಲ್ಲಿ ಯಾರೋ “ಸ್ಲಿಮ್ ಆದಿರಿ” ಎಂದರು. ಒಂದು ಭಾನುವಾರ ಹೆಂಡತಿ ಸರಸು ಜೊತೆ ದಾದರ್ ಮಾರ್ಕೆಟ್ಟಿಗೆ ಹೋಗಿ, ತರಕಾರಿ ಚೀಲ ಹಿಡಿದು ಸೇತುವೆಯ ಮೆಟ್ಟಿಲು ಹತ್ತುತ್ತಿದ್ದಾಗ ಹಿಂದಿನಿಂದ ಯಾರೋ ಕೂಗಿದರು: “ಓ ಕಾಕಾ, ಚಪ್ಪಲ್.” ಬೇರೆ ಯಾರಿಗೋ ಎಂದುಕೊಂಡು ಮುಂದೆ ಹೋದೆ. ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ನನ್ನ ಎಡಗಾಲಿನ ಚಪ್ಪಲಿ ಹಿಡಿದು ಹಿಂದೆ ಬಂದಳು. ನಾನು ಹತ್ತು ಮೆಟ್ಟಿಲು, ಮೇ ತಿಂಗಳ ಕಾದ ಕಲ್ಲಿನ ಮೇಲೆ, ಒಂದು ಬರಿಗಾಲಲ್ಲಿ ಹತ್ತಿದ್ದೆ. ಗೊತ್ತೇ ಆಗಿರಲಿಲ್ಲ.

ಸರಸು ಚಪ್ಪಲಿ ನೋಡಲಿಲ್ಲ, ನನ್ನ ಕಾಲು ನೋಡಿದಳು. “ಏನೂಂದ್ರೆ, ಕಾಲಿಗೆ ಏನಾಗಿದೆ?”

ಮನಸ್ಸಿನಲ್ಲಿ ಎಣಿಸಿದೆ. ಇನ್ನು ಹನ್ನೊಂದು ದಿನ. “ಏನೂ ಇಲ್ಲ. ಚಪ್ಪಲಿ ಸಡಿಲ ಆಗಿದೆ,” ಎಂದೆ. ಅವಳು ನಂಬದೆ ನೋಡಿದಳು. ನಾನು ಅಲ್ಲೇ ಹೊಸ ಚಪ್ಪಲಿ ಕೊಂಡೆ, ಒಂದು ಸೈಜು ಬಿಗಿಯಾದದ್ದು. ಕಾಲು ಸತ್ತುಹೋಗುತ್ತಿದ್ದರೆ ಚಪ್ಪಲಿ ಬದಲಾಯಿಸಿದವನು ನಾನೊಬ್ಬನೇ ಇರಬೇಕು.

ಹನ್ನೊಂದನೆಯ ದಿನ ಮೀನಿನ ತೊಟ್ಟಿಯ ಮುಂದೆ ಕೂತಿದ್ದೆ. ಅಷ್ಟು ಹೊತ್ತಿಗೆ ಎಡಗಾಲು ಎಳೆದುಕೊಂಡೇ ಬರುತ್ತಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಸಿಕ್ಕಿಸಿ ಬೆರಳು ಇಟ್ಟು ತೋರಿಸಿದರು. ಒಂದರ ಮೇಲೊಂದು ಇಟ್ಟ ಮೂಳೆಗಳ ನಡುವೆ ಎರಡು, ಚಹಾದಲ್ಲಿ ನೆನೆದ ಬಿಸ್ಕತ್ತಿನ ಹಾಗೆ, ಒಂದರೊಳಗೊಂದು ಕುಸಿದಿದ್ದವು. ಬೆನ್ನುಮೂಳೆಯ ಟಿ.ಬಿ. ಕೀವು ನರಕ್ಕೆ ಒತ್ತುತ್ತಿದೆ.

“ನೋವು ಎಷ್ಟು ದಿನದಿಂದ?”

“ಹದಿನೈದು ದಿನ.”

ಅವರು ಎಕ್ಸ್‌ರೇ ಕಡೆಗೇ ನೋಡುತ್ತ, “ಮೂಳೆ ಹಾಗನ್ನುತ್ತಿಲ್ಲ,” ಎಂದರು.

ಸರಸು ಪಕ್ಕದಲ್ಲೇ ಇದ್ದಳು. ಕ್ಯಾಲೆಂಡರಿನ ಮೇಲೆ ನಾನು ಹಾಕಿದ್ದ ಸಣ್ಣ ಸಣ್ಣ ಗೀಟುಗಳನ್ನು ತಾನು ಹಾಲಿನವನ ಲೆಕ್ಕ ಎಂದುಕೊಂಡಿದ್ದಾಗಿ ಆಮೇಲೆ ಹೇಳಿದಳು. ಅಷ್ಟೇ ಹೇಳಿದ್ದು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅದಕ್ಕಿಂತ ದೊಡ್ಡ ಬೈಗುಳ ನಾನು ತಿಂದಿಲ್ಲ.

ನರ್ಸಿಂಗ್ ಹೋಮಿನಲ್ಲಿ ಮಲಗಿಸಿದರು. ಬಿಳಿ ಪರದೆ, ತಂಪು ಗಾಳಿ, ಮೀನು. ನಾಲ್ಕನೆಯ ದಿನ ಎರಡೂ ಕಾಲು ಭಾರವಾದವು. ಆಪರೇಷನ್ ಆಗಬೇಕು, ಅದಕ್ಕೆ ಮೊದಲು ದೊಡ್ಡ ಮುಂಗಡ ಕಟ್ಟಬೇಕು, ಆಪರೇಷನ್ ಆದ ಮೇಲೆ ಟಿ.ಬಿ. ಪೇಷಂಟನ್ನು ತಿಂಗಳುಗಟ್ಟಲೆ ಇಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದರು. ಸರಸು ಒಬ್ಬಳೇ ಫೋರ್ಟಿಗೆ ಹೋದವಳಲ್ಲ. ಅವತ್ತು ಹೋದಳು. ಶೆಟ್ಟರು ಗಲ್ಲೆಯನ್ನು ತಮ್ಮನಿಗೆ ಬಿಟ್ಟು ಅವಳ ಜೊತೆ ವಿಮೆಯ ಆಫೀಸಿನ ನಾಲ್ಕು ಮಹಡಿ ಹತ್ತಿದರು. ಅಲ್ಲಿಯ ಅಧಿಕಾರಿ ಒಳ್ಳೆಯವನೇ. ಕುರ್ಚಿ ಕೊಟ್ಟನಂತೆ. ಆದರೆ, ಹಿಂದಿನ ಡಾಕ್ಟರಿಂದ, ಈ ಮನುಷ್ಯನಿಗೆ ಇದಕ್ಕೂ ಮೊದಲು ಬೆನ್ನಿನ ದೂರು ಇರಲಿಲ್ಲ ಎಂದು ಬರೆಸಿ ತನ್ನಿ ಎಂದ.

ಅಲ್ಲಿಂದ ಅವಳು ನೇರವಾಗಿ ದಾದರಿನಲ್ಲಿ ಇಳಿದು ಪರಾಂಜಪೆಯವರಲ್ಲಿಗೆ ಹೋದಳು. ಅಲ್ಲಿ ನಡೆದದ್ದನ್ನು ಅವಳು ಹೇಳಿದ ಹಾಗೆ ಬರೆಯುತ್ತೇನೆ.

ಡಾಕ್ಟರು, “ಬಸಾ ವಹಿನಿ,” ಎಂದು ಅತ್ತಿಗೆಯನ್ನು ಕರೆದ ಹಾಗೆ ಕರೆದು ಕೂರಿಸಿ, ನನ್ನ ಮೂರೂ ಕಾರ್ಡು ತೆಗೆಸಿ, ಬೆರಳಿಟ್ಟು ಓದುತ್ತ ಹೋದರಂತೆ. ಎದೆನೋವು, ಪರೀಕ್ಷಿಸಿದೆ, ಏನೂ ಇಲ್ಲ. ಮೂತ್ರಪಿಂಡ, ಏನೂ ಇಲ್ಲ. ಕಾಮಾಲೆಯ ಅನುಮಾನ, ಏನೂ ಇಲ್ಲ. ಅವಳಿಗೆ ಅಲ್ಲೇ ನಗು ಬಂದು, ನಗುತ್ತಲೇ ಅಳು ಬಂತಂತೆ. ಎರಡನೆಯ ಕಾರ್ಡಿನಲ್ಲಿ ಒಂದು ಕಡೆ ಅವರ ಬೆರಳು ನಿಂತಿತು. ಆರು ವರ್ಷದ ಹಿಂದೆ, ನಮ್ಮ ಹೆಡ್‌ಕ್ಲಾರ್ಕಿಗೆ ಕುತ್ತಿಗೆಯ ಮೂಳೆ ಸವೆದಿದೆ ಎಂದು ಪಟ್ಟಿ ಹಾಕಿದ ವಾರದಿಂದ, ನಾನು ಬೆನ್ನುಮೂಳೆ ನೋವು ಎಂದು ಮೂರು ಶನಿವಾರ ಹೋಗಿದ್ದೆ. ಮೂರೂ ಬರೆದಿತ್ತು.

“ಆಗ ಅವರಿಗೆ ಏನೂ ಇರಲಿಲ್ಲ, ನನಗೆ ಗೊತ್ತು,” ಎಂದರಂತೆ ಡಾಕ್ಟರು. “ಆದರೆ ನೋವಿದೆ ಅಂತ ಅವರು ಅಂದಿದ್ದಾರೆ, ನಾನು ಬರೆದಿದ್ದೇನೆ. ಈಗ ದೂರೇ ಇರಲಿಲ್ಲ ಅಂತ ಹೇಗೆ ಸಹಿ ಹಾಕಲಿ?”

ನನ್ನ ಸರಸು ಹಿಂದಿಯಲ್ಲಿ ಜಗಳ ಆಡುವವಳಲ್ಲ, ತರಕಾರಿಯವನ ಹತ್ತಿರವೂ. ಅವತ್ತು ಹೇಳಿದಳಂತೆ: “ಹಾಗಾದರೆ ನಮ್ಮನೆಯವರ ಸುಳ್ಳು ನೋವಿಗೆ ಸಾಕ್ಷಿ ಇದೆ. ನಿಜವಾದ ನೋವು ಅನುಭವಿಸುವುದಕ್ಕೆ ಅವರೊಬ್ಬರೇ.”

ಡಾಕ್ಟರು ಕಾರ್ಡು ಮುಚ್ಚಿದರು. “ಕಾಲಿನ ಬೆರಳು ಆಡಿಸುತ್ತಾರಾ?”

“ಬಲಗಾಲಿನದು ಸ್ವಲ್ಪ.”

“ಮೂತ್ರ ಸರಿ ಆಗುತ್ತಿದೆಯಾ?”

“ಆಗುತ್ತಿದೆ.”

ಅವರು ಎದ್ದೇ ನಿಂತರಂತೆ. “ಕಾಗದದ ಮಾತು ಬಿಡಿ ವಹಿನಿ. ನಾಳೆ ಬೆಳಿಗ್ಗೆ ಅವರನ್ನು ಮುನಿಸಿಪಾಲಿಟಿ ಆಸ್ಪತ್ರೆಗೆ ತನ್ನಿ. ಮೂಳೆ ವಿಭಾಗದಲ್ಲಿ ನನ್ನ ಹಳೆಯ ವಿದ್ಯಾರ್ಥಿ ಇದ್ದಾನೆ. ಚೀಟಿ ಕೊಡುತ್ತೇನೆ. ಆದರೆ ಸಾಲಿನಲ್ಲೇ ನಿಲ್ಲಬೇಕು, ಮತ್ತೆ ನಾಳೆಯೇ. ನಾಡಿದ್ದು ಅಲ್ಲ.”

ಅವರಿಗೆ ನನ್ನಿಂದ ಬರಬೇಕಾದ್ದು ಏನೂ ಇರಲಿಲ್ಲ. ನಾನು ಅವರ ಪ್ಯಾನೆಲ್ ಬಿಟ್ಟು ಹೋದವನು.

ಎ, ಬಿ ಎಂದು ಗೆರೆ ಎಳೆದು ಹದಿನೈದು ದಿನ ತುಂಬಿಸಿದ ನನ್ನ ಹಾಳೆಯಲ್ಲಿ ಮುನಿಸಿಪಾಲಿಟಿ ಆಸ್ಪತ್ರೆಗೆ ಕಾಲಂ ಇರಲಿಲ್ಲ. ಅದು ಬೇರೆಯವರಿಗೆ ಎಂದು ನನ್ನ ತಿಳುವಳಿಕೆ. ಟ್ಯಾಕ್ಸಿಯಿಂದ ಇಬ್ಬರು ವಾರ್ಡ್‌ಬಾಯ್‌ಗಳು ನನ್ನನ್ನು ಸ್ಟ್ರೆಚರಿಗೆ ಎಳೆದುಕೊಂಡಾಗ ಆಕಾಶ ನೋಡುತ್ತ ಒಳಗೆ ಹೋದೆ. ಹೆಸರು ಬರೆಸಿ ಕೇಸ್‌ಪೇಪರ್ ಪಡೆಯುವ ಕಿಟಕಿಯ ಮುಂದೆ ಸಾಲು ಗೇಟಿನವರೆಗಿತ್ತು. ಸರಸು ಅದರಲ್ಲಿ ನಿಂತಳು. ನಾನು ಕಾರಿಡಾರಿನಲ್ಲಿ ಗೋಡೆಗೆ ತಾಗಿಸಿದ ಸ್ಟ್ರೆಚರಿನ ಮೇಲೆ ಮೂರು ಗಂಟೆ ಮಲಗಿದ್ದೆ. ಜನ ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು. ಒಬ್ಬ ಮುದುಕಿ, ತನ್ನ ಮಗನ ಎಕ್ಸ್‌ರೇ ಕವರಿನಿಂದ ನನಗೆ ಸ್ವಲ್ಪ ಹೊತ್ತು ಗಾಳಿ ಹಾಕಿದಳು. ಯಾಕೆ ಹಾಕಿದಳೋ. ನನ್ನ ಹೆಸರೂ ಕೇಳಲಿಲ್ಲ.

ಮರುದಿನ ಆಪರೇಷನ್ ಆಯಿತು. ಅದರ ಬಗ್ಗೆ ನನಗೇನೂ ಗೊತ್ತಿಲ್ಲ. ಗೊತ್ತಿರುವುದು ಆಮೇಲಿನದು: ನಲವತ್ತು ಮಂಚದ ವಾರ್ಡು, ನಿಧಾನವಾಗಿ ತಿರುಗುವ ಫ್ಯಾನು, ದಿನಾ ಒಂದು ಇಂಜೆಕ್ಷನ್ನು, ಮುಷ್ಟಿ ತುಂಬ ಮಾತ್ರೆ. ಮಾತ್ರೆ ಶುರುವಾದ ಬೆಳಿಗ್ಗೆ ಮೂತ್ರ ಕೆಂಪಗೆ ಬಂತು. ರಕ್ತ, ಮುಗಿಯಿತು, ಎಂದು ಸಿಸ್ಟರನ್ನು ಕರೆದೆ. ಆಕೆ ಇಡೀ ವಾರ್ಡಿಗೆ ಕೇಳಿಸುವ ಹಾಗೆ, “ಅದು ಗೋಲಿಯ ಬಣ್ಣ. ಇಲ್ಲಿ ಎಲ್ಲರದೂ ಕೆಂಪೇ,” ಎಂದರು. ಆ ಒಂದು ವಾಕ್ಯದಿಂದ ಸಿಕ್ಕಷ್ಟು ಸಮಾಧಾನ ಹನ್ನೆರಡು ವರ್ಷದ ಕ್ಯಾಲ್ಸಿಯಂನಿಂದ ಸಿಕ್ಕಿರಲಿಲ್ಲ.

ಪಕ್ಕದ ಮಂಚದಲ್ಲಿ ಸಿದ್ರಾಮಪ್ಪ ಇದ್ದ. ಗಡಿಭಾಗದ ಜತ್ ಕಡೆಯವನು, ಬಟ್ಟೆ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ದುಡಿದವನು. ಅವನದೂ ಬೆನ್ನು, ಅದೇ ಕಾಯಿಲೆ. ಎರಡು ಕಾಲಿನ ಸ್ವಾಧೀನವೂ ಇನ್ನೂ ಬಂದಿರಲಿಲ್ಲ. ನಾನು ಕನ್ನಡದವನು ಎಂದು ತಿಳಿದ ಮೇಲೆ ಅವನ ಮಾತಿಗೆ ಬಿಡುವೇ ಇರಲಿಲ್ಲ. ನಾನು ಎ ಕಾಲಂ ಬಿ ಕಾಲಂ ಕತೆ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದ.

“ಎರಡು ದಾರಿ ಇದ್ದೂ ಒಂದರಾಗೂ ಹೋಗಲಿಲ್ಲೇನ್ರಿ ಸಾಹೇಬ್ರ?”

“ಹೋಗಲಿಲ್ಲ.”

“ನಮಗ ಒಂದs ಇತ್ತು. ಮಿಲ್ ಇದ್ದಾಗ ಚೀಟಿ ತೋರಿಸಿದ್ರ ದವಾಖಾನಿ, ಔಷಧ, ಎಲ್ಲಾ. ಮಿಲ್ ಬಂದ್ ಆತು, ಚೀಟಿನೂ ಬಂದ್ ಆತು. ಆಮ್ಯಾಲ ಯಾರಿಗೆ ತೋರಸೂದು ಅಂತ ಬೆನ್ನಿಗೆ ಎಣ್ಣಿ ಹಚ್ಚಿಕೊಂಡು ಕುಂತೆ.” ಕಣ್ಣು ತೆರೆದು, “ಇಬ್ಬರೂ ಒಂದs ವಾರ್ಡಿಗೆ ಬಂದ್ವಿ ನೋಡ್ರಿ. ನಿಮ್ಮದು ಓದಿದ ಮಂದಿ ದಾರಿ, ಸ್ವಲ್ಪ ಸುತ್ತು,” ಎಂದ.

ದಿನಾ ಬೆಳಿಗ್ಗೆ ಡಾಕ್ಟರ ರೌಂಡಿಗೆ ಮುಂಚೆ ನಮಗೊಂದು ಕೆಲಸ. ಹೊದಿಕೆ ಸರಿಸಿ ಕಾಲಿನ ಹೆಬ್ಬೆರಳುಗಳಿಗೆ, ಆಡು ಎಂದು ಮನಸ್ಸಿನಲ್ಲೇ ಹೇಳುವುದು. ನನಗೆ ನನ್ನ ಬೆರಳು ನೆಟ್ಟಗೆ ಕಾಣುತ್ತಿರಲಿಲ್ಲ, ತಲೆ ಎತ್ತುವ ಹಾಗಿರಲಿಲ್ಲ. ಅವನಿಗೆ ನನ್ನವು ಕಾಣುತ್ತಿದ್ದವು. ಬಹಳ ದಿನ ಅವನು, “ಇಲ್ಲ ಬಿಡ್ರಿ, ಇನ್ನೂ ನಿದ್ದಿ ಮಾಡಾಕತ್ತಾವ,” ಎನ್ನುತ್ತಿದ್ದ. ಒಂದು ಬೆಳಿಗ್ಗೆ ತಡವಾಗಿ, ಮೆಲ್ಲಗೆ ಹೇಳಿದ: “ಸಾಹೇಬ್ರ, ಎಡಗಾಲಿಂದು ಅಲುಗ್ಯಾಡ್ತು.”

ನನಗೆ ಗೊತ್ತಾಗಿರಲಿಲ್ಲ. ನನ್ನ ಕಾಲು ಬಂದ ಸುದ್ದಿ ನನಗೆ ಹೇಳಿದವನು ಅವನು. ಅವನವು ಬರಲಿಲ್ಲ. ತಿಂಗಳ ಮೇಲೆ ಊರಿಂದ ಅವನ ಅಣ್ಣ ಬಂದು, ಇಲ್ಲಿ ಮಾಡುವುದು ಇನ್ನೇನೂ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಅವನನ್ನು ಕರೆದುಕೊಂಡು ಹೋದ. ಹೊರಡುವ ಮೊದಲು ಸಿದ್ರಾಮಪ್ಪ ನನಗೆ ಹೊದಿಕೆ ಸರಿಸಿ, ಬೆರಳು ಇನ್ನೊಮ್ಮೆ ಆಡಿಸಿ ತೋರಿಸಲು ಹೇಳಿದ. ತೋರಿಸಿದೆ. “ಹೂಂ,” ಎಂದ. ಆ ಮಂಚಕ್ಕೆ ಸಂಜೆಯೇ ಬೇರೆಯವರು ಬಂದರು. ನಾನು ಎರಡು ದಿನ ಬೆರಳು ಆಡಿಸಲಿಲ್ಲ.

ಮಗಳು ವೀಣಾ ಕಾಲೇಜು ಮುಗಿಸಿಕೊಂಡು ಬರುತ್ತಿದ್ದಳು. ಅವಳ ಕನ್ನಡ ಮನೆಯಲ್ಲಿ ಕೇಳಿ ಕಲಿತದ್ದು, ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತದೆ. “ಅಪ್ಪಾ, ಅಮ್ಮ ಸಬ್ ಕುಛ್ ಹೇಳಿದಳು. ನೀನು ವರಿ ಮಾಡಬೇಡ ಅಂತ ನಾನು ಹೇಳಲ್ಲ, ನಿನಗೆ ಬರಲ್ಲ ಅದು. ಮಾಡು. ಲೇಕಿನ್ ಜೋರಾಗಿ ಮಾಡು. ನಮಗೆ ಕೇಳಿಸೋ ಹಾಗೆ.”

ಎದೆಯಿಂದ ಸೊಂಟದವರೆಗೆ ಪ್ಲಾಸ್ಟರು ಹಾಕಿ ಮನೆಗೆ ಕಳಿಸಿದರು. ಒಂದೂವರೆ ವರ್ಷ ಮಾತ್ರೆ. ಬಿಲ್ಡಿಂಗಿನಲ್ಲಿ ಸರಸು ಎಲ್ಲರಿಗೂ ಸ್ಲಿಪ್ ಡಿಸ್ಕ್ ಎಂದು ಹೇಳಿದಳು. ಟಿ.ಬಿ. ಎಂದರೆ ಸಂಬಂಧ ಕೂಡಿಬರುವುದು ಕಷ್ಟ, ಮನೆಯಲ್ಲಿ ಬೆಳೆದ ಮಗಳಿದ್ದಾಳೆ. ನನ್ನ ಲೋಟವನ್ನು ನಾನೇ ಬೇರೆ ಇಟ್ಟುಕೊಂಡೆ. ಮೂಳೆಯದು ಹಾಗೆ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದರು, ನಂಬುವುದು ನನ್ನ ಜಾಯಮಾನವಲ್ಲ. ಒಂದು ಮಧ್ಯಾಹ್ನ ಸರಸು ನನ್ನೆದುರೇ ಆ ಲೋಟದಲ್ಲಿ ಉಳಿದಿದ್ದ ಮಜ್ಜಿಗೆ ಕುಡಿದು, ತೊಳೆದು, ಉಳಿದ ಲೋಟಗಳ ಸಾಲಿನಲ್ಲಿ ಬೋರಲು ಹಾಕಿದಳು. ಆಮೇಲೆ ಯಾವುದು ನನ್ನದೆಂದು ಗೊತ್ತಾಗಲಿಲ್ಲ.

ಪರಾಂಜಪೆಯವರಿಂದ ಕಾರ್ಡು ತರಿಸಿ ನೋಡಿದ ವಿಮೆಯವರಿಂದ ಎರಡು ಸಾಲಿನ ಕಾಗದ ಬಂತು: ಮೊದಲೇ ಇದ್ದ ಕಾಯಿಲೆ, ಆದ್ದರಿಂದ ಇಲ್ಲ. ನಾನು ಮುಚ್ಚಿಟ್ಟ ನೋವು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಆರು ವರ್ಷದ ಹಿಂದೆ ಇಲ್ಲದ ನೋವನ್ನು ಇದೆ ಎಂದದ್ದಕ್ಕೆ ಹಿಡಿದರು. ಅನ್ಯಾಯ ಎಂದು ಬರೆಯಬಹುದಿತ್ತು. ಪತ್ರವ್ಯವಹಾರದ ವಿಭಾಗದವನು, ನಾಲ್ಕು ಪುಟ ಬರೆಯಬಲ್ಲೆ. ಬರೆಯಲಿಲ್ಲ. ಕಾರಣ ತಪ್ಪಾಗಿತ್ತು, ಉತ್ತರ ಸರಿಯಾಗಿತ್ತು.

ಮಾತ್ರೆ ಮುಗಿದ ವಾರ ಪರಾಂಜಪೆಯವರನ್ನು ನೋಡಲು ಹೋದೆ. ಅದೇ ಬೆಂಚು. ಕ್ಲಿನಿಕ್ ಮುಚ್ಚುವ ತಯಾರಿಯಲ್ಲಿದ್ದರು, ನೆಲದ ಮೇಲೆ ಹಳೆಯ ಕಾರ್ಡುಗಳ ಕಟ್ಟು. ನನ್ನನ್ನು ನಡೆಸಿ ನೋಡಿದರು, ಬೆನ್ನಿನ ಗಂಟು ಒತ್ತಿ ನೋಡಿದರು. ಆಮೇಲೆ ಕಟ್ಟಿನಿಂದ ನನ್ನ ಮೂರು ಕಾರ್ಡು ಎಳೆದು ಕೊಟ್ಟರು. “ಇವೆಲ್ಲ ರದ್ದಿಗೆ ಹೋಗುತ್ತವೆ. ನಿಮ್ಮದು ಇಟ್ಟುಕೊಳ್ಳಿ, ದೊಡ್ಡ ಗ್ರಂಥ.”

ಅಲ್ಲೇ ನಿಂತು ಕೊನೆಯ ಕಾರ್ಡಿನ ಕೊನೆಯ ಸಾಲು ನೋಡಿದೆ. ಅವರ ಅಕ್ಷರ ಹನ್ನೆರಡು ವರ್ಷದಿಂದ ತಲೆಕೆಳಗಾಗಿ ಓದಿ ಅಭ್ಯಾಸ. ‘ಇವತ್ತು ಏನೂ ದೂರಿಲ್ಲ. ಮತ್ತೆ ಕರೆಸಿ ನೋಡಬೇಕು.’

“ಕರೆಸಲಿಲ್ಲವಲ್ಲ,” ಎಂದೆ.

“ನಿಮ್ಮ ಆಫೀಸಿಗೆ ಫೋನ್ ಮಾಡಿದ್ದೆ. ಮೂರ್ತಿ ಈಗ ನಿಮ್ಮ ಪಟ್ಟಿಯಲ್ಲಿ ಇಲ್ಲ ಅಂದರು.” ಮೇಜಿನ ಮೇಲಿನ ಧೂಳು ಒರೆಸುತ್ತ ಇದ್ದರು. “ಇನ್ನೊಮ್ಮೆ ಮಾಡಬೇಕಿತ್ತು ನಾನು.”

“ಕರೆಸಿದ್ದರೂ ಏನೂ ಇಲ್ಲ ಅಂತಿದ್ದೆ ಡಾಕ್ಟರ್ ಸಾಹೇಬ್.”

“ಅನ್ನುತ್ತಿದ್ದಿರಿ,” ಎಂದರು. “ಆದರೆ ನಾನು ಅಂಗಿ ತೆಗೆಸುತ್ತಿದ್ದೆ.”

ಎಡಗಾಲಿನ ಪಾದದ ಹೊರಗಿನ ಅಂಚಿಗೆ ಸ್ಪರ್ಶ ಇನ್ನೂ ಬಂದಿಲ್ಲ, ಇನ್ನು ಬರುವುದೂ ಇಲ್ಲವಂತೆ. ಚಪ್ಪಲಿಗೆ ಸರಸು ಹಿಂದಿನಿಂದ ಒಂದು ಪಟ್ಟಿ ಹೊಲಿಸಿದ್ದಾಳೆ. ಅದು ಕಿತ್ತಾಗ ಈಗಲೂ ಯಾವುದಾದರೂ ಮೆಟ್ಟಿಲ ಮೇಲೆ ಯಾರಾದರೂ ಕೂಗುತ್ತಾರೆ, ನಾನು ಮೊದಲ ಕೂಗಿಗೇ ತಿರುಗುತ್ತೇನೆ.

ಕಾರ್ಡು ತಂದ ದಿನ ಸಂಜೆ ಅವುಗಳ ವಿಷಯ ಸರಸುಗೆ ಹೇಳಿದೆ. ಕೊನೆಯ ಸಾಲಿನ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಲು ಕೇಳಿ, ಎರಡು ಸಲ ಹೇಳಿಸಿಕೊಂಡಳು. ಮರುದಿನದಿಂದ ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಟ್ಟು ಎದುರಿಗೆ ನಿಂತು, “ಹೇಳಿ,” ಎನ್ನುತ್ತಾಳೆ. ನಾನು ಹೇಳುತ್ತೇನೆ. ಮಂಡಿ, ಎದೆ ಉರಿ, ಬಲಗಿವಿಯಲ್ಲಿ ಏನೋ ಗುಯ್ ಎನ್ನುವುದು. ಅವಳು ಒಗ್ಗರಣೆಗೆ ಸಾಸಿವೆ ಹಾಕುತ್ತ ಹೂಂ, ಹೂಂ ಎನ್ನುತ್ತಾಳೆ. ಅರ್ಧಕ್ಕರ್ಧ ಸುಳ್ಳು ಎಂದು ಇಬ್ಬರಿಗೂ ಗೊತ್ತು.

ಮೊನ್ನೆ ಮಂಗಳವಾರ ನಿಜವಾಗಿಯೂ ಏನೂ ಇರಲಿಲ್ಲ. ಚೆನ್ನಾಗಿ ನಿದ್ದೆ ಬಂದಿತ್ತು, ಮೈ ಹಗುರವಾಗಿತ್ತು. “ಇವತ್ತು ಏನೂ ಇಲ್ಲ ಕಣೆ,” ಎಂದೆ.

ಅವಳು ಸ್ಟೋವ್ ಆರಿಸಿದಳು. ಕೈ ಒರೆಸಿಕೊಂಡು ಬಂದು, “ತಿರುಗಿ,” ಎಂದಳು. ಬನಿಯನ್ ಎತ್ತಿ, ಕುತ್ತಿಗೆಯಿಂದ ಶುರುಮಾಡಿ, ಒಂದೊಂದೇ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತುತ್ತ ಕೆಳಗೆ ಬಂದಳು. ನನ್ನ ಎಂಟೂ ಹದಿನೇಳರ ಲೋಕಲ್ ತಪ್ಪುತ್ತಿತ್ತು. ಗೋಡೆಗೆ ಕೈ ಊರಿ ನಿಂತೆ. ಗಂಟಿನ ಹತ್ತಿರ ಅವಳ ಬೆರಳು ನಿಂತಿತು.

“ಇಲ್ಲಿ?”

“ಇಲ್ಲ.”

“ಸರಿಯಾಗಿ ಹೇಳಿ,” ಎಂದು ಇನ್ನೊಮ್ಮೆ, ಮೊದಲಿಗಿಂತ ಜೋರಾಗಿ ಒತ್ತಿದಳು.